ಸವೆದ ಕೀಲಿಗೆ ನಡಿಗೆ ಮರಳಿಸಿದ ಸರ್ ಜಾನ್ ಚಾರ್ನ್ಲಿ

ತಿಪಟೂರು ಸೀಮೆಯ ಬಿಳಿಗೆರೆಯಂತಹ ಊರುಗಳ ಬದುಕು ತೆಂಗನ್ನು ನೆಚ್ಚಿಕೊಂಡದ್ದು. ಕಾಯಿ ಹೊರುವುದು, ಅಟ್ಟಕ್ಕೇರಿಸುವುದು, ತಿಂಗಳುಗಟ್ಟಲೆ ಒಣಗಿದ ಮೇಲೆ ಸುಲಿದು ಕರಟ ಬಿಡಿಸಿ ಉಂಡೆ ಕೊಬ್ಬರಿ ತೆಗೆಯುವುದು, ಇವೆಲ್ಲ ಮಂಡಿ-ಸೊಂಟಗಳ ಮೇಲೆ ಭಾರ ಹಾಕುವ ದುಡಿಮೆಗಳು. ಇಳಿವಯಸ್ಸಿನಲ್ಲಿ ಮಂಡಿ ಹಿಡಿದುಕೊಂಡರೆ ಅದು ವಯಸ್ಸಿನ ಧರ್ಮವೆಂದು ಸುಮ್ಮನಾಗುವವರು ಹಳ್ಳಿಯಲ್ಲೂ ಇದ್ದಾರೆ, ನಗರದಲ್ಲೂ ಇದ್ದಾರೆ. ಮೂಳೆಗಳ ತುದಿಯ ಮೃದ್ವಸ್ಥಿ ಸವೆಯುವ ಈ ಕಾಯಿಲೆಯೇ ಆಸ್ಟಿಯೋ ಆರ್ಥ್ರೈಟಿಸ್. ಇದಕ್ಕೆ ನಂಬಲರ್ಹ ಶಸ್ತ್ರಚಿಕಿತ್ಸೆಯ ದಾರಿ ತೋರಿದವರಲ್ಲಿ ಅಗ್ರಗಣ್ಯರು ಬ್ರಿಟನ್ನಿನ ಸರ್ ಜಾನ್ ಚಾರ್ನ್ಲಿ.

1911ರ ಆಗಸ್ಟ್ 29ರಂದು ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದ ಬರಿ ಪಟ್ಟಣದಲ್ಲಿ ಜನನ. ತಂದೆ ಔಷಧ ವ್ಯಾಪಾರಿ, ತಾಯಿ ದಾದಿ. ಮ್ಯಾಂಚೆಸ್ಟರಿನಲ್ಲಿ ವೈದ್ಯ ಶಿಕ್ಷಣ ಮುಗಿಸಿದ ಅವರು ಎರಡನೆಯ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿ ಈಜಿಪ್ಟಿನಲ್ಲಿದ್ದರು. ಯಂತ್ರೋಪಕರಣಗಳ ಮೇಲಿನ ಒಲವು ಕೊನೆಯವರೆಗೂ ಅವರ ಜೊತೆಗಿತ್ತು.

ಯುದ್ಧಾನಂತರ ಅವರ ಬಳಿಗೆ ಬಂದ ರೋಗಿಯೊಬ್ಬರ ಸೊಂಟದಲ್ಲಿ ಅಕ್ರಿಲಿಕ್ ಕೀಲಿತ್ತು. ಬಾಗಿದಾಗಲೆಲ್ಲ ಅದು ಕಿರುಗುಟ್ಟುತ್ತಿತ್ತು. ಆ ಸದ್ದಿಗೆ ಹೆಂಡತಿಯೂ ದೂರ ಸರಿಯುತ್ತಿದ್ದರಂತೆ. ನಗೆ ತರಿಸುವ ಈ ಸಂಗತಿಯಲ್ಲಿ ಚಾರ್ನ್ಲಿ ಕಂಡದ್ದು ಘರ್ಷಣೆಯ ಸಮಸ್ಯೆಯನ್ನು. ಘರ್ಷಣೆ ತಗ್ಗಿಸದೆ ಕೃತಕ ಕೀಲು ಬಾಳದೆಂದು ಅವರು ನಿಶ್ಚಯಿಸಿದರು. ತೊಡೆಮೂಳೆಗೆ ಸಣ್ಣ ಲೋಹದ ಗುಂಡು, ಸೊಂಟದ ಕುಳಿಗೆ ಟೆಫ್ಲಾನ್ ಬಟ್ಟಲು, ಎರಡನ್ನೂ ಮೂಳೆಗೆ ಹಿಡಿದಿಡಲು ದಂತವೈದ್ಯರು ಬಳಸುತ್ತಿದ್ದಂತಹ ಅಕ್ರಿಲಿಕ್ ಸಿಮೆಂಟ್: ಇದು ಅವರ ವಿನ್ಯಾಸ.

ಆರಂಭದ ಫಲಿತಾಂಶ ಅದ್ಭುತವಾಗಿತ್ತು. ಆದರೆ ಕೆಲವೇ ವರ್ಷಗಳಲ್ಲಿ ಟೆಫ್ಲಾನ್ ಸವೆದು, ಅದರ ಪುಡಿ ಸುತ್ತಲಿನ ಅಂಗಾಂಶವನ್ನು ಕೆಡಿಸತೊಡಗಿತು. ಸುಮಾರು 300 ಶಸ್ತ್ರಚಿಕಿತ್ಸೆಗಳ ಶ್ರಮ ಕುಸಿಯಿತು. ಚಾರ್ನ್ಲಿ ಸೋಲನ್ನು ಮುಚ್ಚಿಡಲಿಲ್ಲ. ನೋವು ಮರುಕಳಿಸಿದ ರೋಗಿಗಳಿಗೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿದರು. ಆ ವಸ್ತುವಿನ ತುಣುಕನ್ನು ತಮ್ಮ ತೊಡೆಯೊಳಗೇ ಇರಿಸಿಕೊಂಡು ದೇಹದ ಪ್ರತಿಕ್ರಿಯೆ ಪರೀಕ್ಷಿಸಿದರು.

1962ರಲ್ಲಿ ಮಾರಾಟಗಾರನೊಬ್ಬ ತಂದ ಗಟ್ಟಿ ಪಾಲಿಥಿನ್ ತುಂಡನ್ನು ಅವರು ಮೊದಲು ಒಪ್ಪಲಿಲ್ಲ. ಪ್ರಯೋಗಾಲಯದ ಸಹಾಯಕ ಹ್ಯಾರಿ ಕ್ರೇವನ್ ಅದನ್ನು ಸವೆತದ ಯಂತ್ರಕ್ಕೆ ಹಾಕಿದರು. ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟು ಅದು ಮೂರು ವಾರ ಕಳೆದರೂ ಸವೆದಿರಲಿಲ್ಲ. ಅದೇ ವರ್ಷದ ನವೆಂಬರಿನಿಂದ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಅದರ ಬಳಕೆ ಆರಂಭವಾಯಿತು. ಈ ಬಾರಿ ಚಾರ್ನ್ಲಿ ಆತುರಪಡಲಿಲ್ಲ. ವರ್ಷಗಟ್ಟಲೆ ರೋಗಿಗಳನ್ನು ಗಮನಿಸಿದ ಬಳಿಕ, ಮೊದಲಿಗೆ ತಮ್ಮಲ್ಲಿ ತರಬೇತಿ ಪಡೆದವರಿಗಷ್ಟೇ ಕೀಲನ್ನು ಒದಗಿಸಿದರು. ಶುದ್ಧ ಗಾಳಿಯ ಶಸ್ತ್ರಕೋಣೆ ರೂಪಿಸಿ ಸೋಂಕನ್ನು ಶೇ. 1ಕ್ಕಿಂತ ಕೆಳಗಿಳಿಸಿದರು. 1974ರಲ್ಲಿ ಲಾಸ್ಕರ್ ಪ್ರಶಸ್ತಿ, 1977ರಲ್ಲಿ ಸರ್ ಪದವಿ ಅವರನ್ನು ಅರಸಿ ಬಂದವು. 1982ರ ಆಗಸ್ಟ್ 5ರಂದು ನಿಧನರಾದರು.

ರೈಟಿಂಗ್ಟನ್‌ನಲ್ಲಿ ಅವರೊಂದಿಗಿದ್ದ ಕೆನಡಾದ ಫ್ರಾಂಕ್ ಗನ್‌ಸ್ಟನ್ ಇದೇ ತತ್ತ್ವವನ್ನು ಮಂಡಿಗೆ ಅಳವಡಿಸಿದರು. ನಮ್ಮಲ್ಲಿ ಹೆಚ್ಚಾಗಿ ಬಾಧಿಸುವುದು ಮಂಡಿಯ ಸವೆತವೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನ ಸುಮಾರು 52.8 ಕೋಟಿ ಜನರಿಗೆ ಈ ಕಾಯಿಲೆಯಿತ್ತು; ಅವರಲ್ಲಿ ಶೇ. 60ರಷ್ಟು ಮಹಿಳೆಯರು. 2011ರ ಜನಗಣತಿಯಂತೆ ಭಾರತದಲ್ಲಿ 60 ದಾಟಿದವರೇ 10 ಕೋಟಿಗೂ ಹೆಚ್ಚು. ಕೃತಕ ಮಂಡಿಯ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿದ್ದು ಬಡವರಿಗೆ ಒಂದಿಷ್ಟು ಆಸರೆ.

ಆದರೂ ಶಸ್ತ್ರಚಿಕಿತ್ಸೆ ಕೊನೆಯ ಮೆಟ್ಟಿಲು. ತೂಕದ ಹತೋಟಿ, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ಸಕಾಲದ ತಪಾಸಣೆ ಅದಕ್ಕೂ ಮೊದಲಿನವು. ಇವು ತೆಂಗಿನ ಸೀಮೆಯ ಮುದುಕಿಯ ಮನೆಬಾಗಿಲಿಗೂ ತಲುಪಬೇಕು. ನೋವನ್ನು ವಯಸ್ಸಿನ ಪಾಲಿಗೆ ಬಿಟ್ಟು ಸುಮ್ಮನಾಗಲು ಒಪ್ಪದ ಚಾರ್ನ್ಲಿಯವರ ಬಾಳಿನಿಂದ ನಾವು ಕಲಿಯಬೇಕಾದದ್ದು ಇದನ್ನೇ.