ರಾಕ್ಸಿ ಲೇಬೋರ್ನ್: ಗರಿಯ ಚೂರಿನಿಂದ ಹಕ್ಕಿಯವರೆಗೆ

ವಿಧಿವಿಜ್ಞಾನದಲ್ಲಿ ಹಕ್ಕಿಯ ಗರಿಯೂ ಸಾಕ್ಷ್ಯವಾಗಬಲ್ಲದು ಎಂಬುದನ್ನು ಸ್ಥಾಪಿಸಿದವರಲ್ಲಿ ಅಮೆರಿಕದ ರಾಕ್ಸಿ ಲೇಬೋರ್ನ್ ಅವರ ಹೆಸರು ಮೊದಲು ಬರುತ್ತದೆ. 1910ರಲ್ಲಿ ಉತ್ತರ ಕೆರೊಲಿನಾದ ಫಯೆಟ್‌ವಿಲ್‌ನಲ್ಲಿ ಜನಿಸಿದ ಅವರು ಮೆರೆಡಿತ್ ಕಾಲೇಜಿನಲ್ಲಿ ಓದಿ, ರಾಲಿಯ ವಸ್ತುಸಂಗ್ರಹಾಲಯದಲ್ಲಿ ಸತ್ತ ಪ್ರಾಣಿಗಳ ಚರ್ಮವನ್ನು ಹದಗೊಳಿಸಿ ತುಂಬುವ ಕೆಲಸ ಕಲಿತರು. 1944ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ಬಂದರು. ಅನಂತರದ ಅವರ ಬದುಕೆಲ್ಲ ಬಹುಮಟ್ಟಿಗೆ ಅಲ್ಲಿಯ ಹಕ್ಕಿ ವಿಭಾಗದ ಕಪಾಟುಗಳ ನಡುವೆಯೇ ಕಳೆಯಿತು.

1960ರ ಅಕ್ಟೋಬರ್ 4ರಂದು ಬೋಸ್ಟನ್ನಿನಿಂದ ಮೇಲೇರಿದ ಎಲೆಕ್ಟ್ರಾ ವಿಮಾನವೊಂದು ಕ್ಷಣಾರ್ಧದಲ್ಲಿ ಕೊಲ್ಲಿಗೆ ಬಿದ್ದು, ಅದರಲ್ಲಿದ್ದ 72 ಜನರ ಪೈಕಿ 62 ಜನ ಸತ್ತರು. ಎಂಜಿನ್ನುಗಳಲ್ಲಿ ದೊರೆತ ಗರಿಯ ಚೂರುಗಳು ಲೇಬೋರ್ನ್ ಅವರ ಮೇಜಿಗೆ ಬಂದವು. ಅವು ಸ್ಟಾರ್ಲಿಂಗ್ ಹಕ್ಕಿಗಳವು ಎಂದು ಅವರು ನಿರ್ಣಯಿಸಿದರು. ನಮ್ಮ ಕಬ್ಬಕ್ಕಿಯ ಬಳಗಕ್ಕೆ ಸೇರಿದ, ನೂರು ಗ್ರಾಮಿಗಿಂತ ಹಗುರವಾದ ಹಕ್ಕಿಯಿದು. ಕೆಡವಿದ್ದು ಯಾವ ಹಕ್ಕಿಯೆಂದು ತಿಳಿಯದೆ ಅದರ ತೂಕ ತಿಳಿಯದು. ತೂಕ ತಿಳಿಯದೆ ಎಂಜಿನ್ ಎಷ್ಟು ಪೆಟ್ಟು ತಾಳಬೇಕೆಂದು ವಿಧಿಸಲಾಗದು. ಹಕ್ಕಿಯ ಹೊಡೆತಕ್ಕೆ ಎಂಜಿನ್ನುಗಳನ್ನು ಒಡ್ಡಿ ಪರೀಕ್ಷಿಸುವ ನಿಯಮಗಳು ರೂಪುಗೊಂಡದ್ದು ಈ ದುರಂತದ ಬಳಿಕವೇ.

ಅವರ ವಿಧಾನ ನೋಡಲು ಸರಳ. ರಕ್ತ, ಎಣ್ಣೆ ಮೆತ್ತಿದ ಚೂರನ್ನು ಸಾಬೂನು ನೀರಿನಲ್ಲಿ ತೊಳೆದು, ಒಣಗಿಸಿ, ಗರಿಯ ಬುಡದ ತುಪ್ಪುಳವನ್ನು ಸೂಕ್ಷ್ಮದರ್ಶಕದಡಿ ಇಡುವುದು. ಆ ಎಳೆಗಳ ಗಂಟುಗಳು ಬಾತುಗಳಲ್ಲಿ ತ್ರಿಕೋನಾಕಾರವಾಗಿದ್ದರೆ, ಪಾರಿವಾಳಗಳಲ್ಲಿ ಅರಳಿದ ಹೂವಿನಂತಿರುತ್ತವೆ. ಹೀಗೆ ಹಕ್ಕಿಯ ಗುಂಪು ನಿಶ್ಚಿತವಾದ ಮೇಲೆ, ಸಂಗ್ರಹಾಲಯದ ಲಕ್ಷಾಂತರ ಮಾದರಿಗಳಲ್ಲಿ ಹೊಂದುವುದನ್ನು ಹುಡುಕಬೇಕು. ಮುರುಕು ಓಲೆಯ ಒಂದು ಸಾಲಿನಿಂದ ಪ್ರತಿಯ ಮೂಲವನ್ನು ಹುಡುಕುವ ಗ್ರಂಥಸಂಪಾದಕರಿಗೆ ಈ ಶ್ರಮ ಅಪರಿಚಿತವೇನಲ್ಲ. ಕೊಲೆ, ಕಳ್ಳಬೇಟೆ ಪ್ರಕರಣಗಳ ಗರಿಗಳೂ ಅವರಲ್ಲಿಗೆ ಬರತೊಡಗಿದವು.

ಲೇಬೋರ್ನ್ ಅವರು ಡಾಕ್ಟರೇಟ್ ಪಡೆದವರಲ್ಲ. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿಯೇ ಅವರ ಕೊನೆಯ ಪದವಿ. ಅವರ ಜ್ಞಾನ ಬಹುಪಾಲು ಕಣ್ಣಿನಲ್ಲಿ, ಕೈಯಲ್ಲಿ ಇದ್ದಿತು. ಅಂಥ ಜ್ಞಾನ ವ್ಯಕ್ತಿಯೊಡನೆ ಅಳಿಯುವ ಅಪಾಯ ಸಣ್ಣದಲ್ಲ. 1988ರಲ್ಲಿ ನಿವೃತ್ತರಾದರೂ ಅವರು ಕೆಲಸ ಬಿಡದೆ ಕಿರಿಯರಿಗೆ ಕಲಿಸಿದ್ದನ್ನು ಈ ಹಿನ್ನೆಲೆಯಲ್ಲಿ ಕಾಣಬೇಕು. ಶಿಷ್ಯೆ ಕಾರ್ಲಾ ಡವ್ ತುಪ್ಪುಳದ ಸೂಕ್ಷ್ಮರಚನೆಯನ್ನೇ ಡಾಕ್ಟರೇಟ್ ಸಂಶೋಧನೆಯ ವಸ್ತುವಾಗಿಸಿಕೊಂಡರು.

ಲೇಬೋರ್ನ್ 2003ರ ಆಗಸ್ಟ್‌ನಲ್ಲಿ, ತಮ್ಮ 92ನೆಯ ವಯಸ್ಸಿನಲ್ಲಿ ತೀರಿಕೊಂಡರು. 2009ರ ಜನವರಿಯಲ್ಲಿ ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ವಿಮಾನವೊಂದು ಇಳಿಯಬೇಕಾಗಿ ಬಂದಾಗ, ಅದರ ಎಂಜಿನ್ನುಗಳಲ್ಲಿ ಸಿಕ್ಕ ಅವಶೇಷಗಳು ಅದೇ ಸಂಗ್ರಹಾಲಯಕ್ಕೆ ಬಂದವು. ಕೆನಡಾ ಹೆಬ್ಬಾತುಗಳವೆಂದು ಡವ್ ಮತ್ತವರ ಸಂಗಡಿಗರು ಗುರುತಿಸಿದರು.