ಫರ್ಡಿನಾಂಡ್ ಡಿ ಸೊಸ್ಯೂರ್

ಫರ್ಡಿನಾಂಡ್ ಡಿ ಸೊಸ್ಯೂರ್ (26 ನವೆಂಬರ್ 1857 – 22 ಫೆಬ್ರವರಿ 1913) ಸ್ವಿಟ್ಜರ್ಲೆಂಡಿನ ಭಾಷಾವಿಜ್ಞಾನಿ. ಆಧುನಿಕ ಭಾಷಾವಿಜ್ಞಾನಕ್ಕೆ ತಳಹದಿ ಹಾಕಿದವರಲ್ಲಿ ಇವರು ಪ್ರಮುಖರು. ಇವರಿಗೆ ಕೀರ್ತಿ ತಂದ ಗ್ರಂಥವನ್ನು ಇವರು ಸ್ವತಃ ಬರೆಯಲಿಲ್ಲ. ಅದು ಇವರ ನಿಧನಾನಂತರ ವಿದ್ಯಾರ್ಥಿಗಳ ಟಿಪ್ಪಣಿಗಳಿಂದ ರೂಪುಗೊಂಡಿತು.

ಜನನ ಮತ್ತು ವಿದ್ಯಾಭ್ಯಾಸ

ಸೊಸ್ಯೂರ್ ಜಿನೀವಾ ನಗರದ ವಿದ್ವಾಂಸರ ಮನೆತನದಲ್ಲಿ ಜನಿಸಿದರು. ತಂದೆ ಆನ್ರಿ ಕೀಟಶಾಸ್ತ್ರಜ್ಞರು. ಮನೆತನಕ್ಕೆ ಆಪ್ತರಾಗಿದ್ದ ಭಾಷಾವಿದ್ವಾಂಸ ಅಡಾಲ್ಫ್ ಪಿಕ್ಟೆ ಅವರಿಂದ ಬಾಲ್ಯದಲ್ಲೇ ಭಾಷೆಗಳ ಬಗ್ಗೆ ಆಸಕ್ತಿ ಮೂಡಿತು. 1875ರಲ್ಲಿ ಜಿನೀವಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಹಾಗೂ ರಸಾಯನಶಾಸ್ತ್ರಗಳ ವ್ಯಾಸಂಗ ಆರಂಭಿಸಿದರೂ, ಮರುವರ್ಷ ಭಾಷಾಧ್ಯಯನಕ್ಕಾಗಿ ಜರ್ಮನಿಯ ಲೈಪ್‌ಜಿಗ್‌ಗೆ ತೆರಳಿದರು. ಸಂಸ್ಕೃತದ ಷಷ್ಠೀ ವಿಭಕ್ತಿಯ ಒಂದು ವಿಶಿಷ್ಟ ಪ್ರಯೋಗವನ್ನು ಕುರಿತ ಪ್ರಬಂಧಕ್ಕೆ 1880ರಲ್ಲಿ ಅಲ್ಲಿ ಡಾಕ್ಟರೇಟ್ ಪಡೆದರು.

ಮೊದಲ ಗ್ರಂಥ

ಇಂಡೋ-ಯುರೋಪಿಯನ್ ಮೂಲಭಾಷೆಯ ಸ್ವರವ್ಯವಸ್ಥೆಯನ್ನು ಕುರಿತ ಇವರ ಗ್ರಂಥ 1878ರ ಕೊನೆಯಲ್ಲಿ ಪ್ರಕಟವಾಯಿತು. ಆಗ ಇವರ ವಯಸ್ಸು 21. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೊದಲಾದ ಭಾಷೆಗಳ ಸ್ವರಗಳನ್ನು ಹೋಲಿಸಿ, ಆಗ ತಿಳಿದಿದ್ದ ಯಾವ ಭಾಷೆಯಲ್ಲೂ ನೇರವಾಗಿ ಉಳಿಯದ ಕೆಲವು ಧ್ವನಿಗಳು ಮೂಲಭಾಷೆಯಲ್ಲಿ ಇದ್ದಿರಬೇಕೆಂದು ಇವರು ತರ್ಕಿಸಿದರು. ಅನೇಕ ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಮುಂದೆ ಪ್ರಾಚೀನ ಹಿಟ್ಟೈಟ್ ಭಾಷೆಯ ಶಾಸನಗಳನ್ನು ಓದಲು ಸಾಧ್ಯವಾದ ಬಳಿಕ, ಅಂತಹ ಧ್ವನಿಯ ಕುರುಹು ಆ ಭಾಷೆಯಲ್ಲಿ ಉಳಿದಿದೆಯೆಂದು ಪೋಲೆಂಡಿನ ವಿದ್ವಾಂಸ ಯೆಜಿ ಕುರಿವೋವಿಚ್ 1927ರಲ್ಲಿ ತೋರಿಸಿದರು. ಆ ವೇಳೆಗೆ ಸೊಸ್ಯೂರ್ ನಿಧನರಾಗಿ 14 ವರ್ಷಗಳಾಗಿದ್ದವು.

ಅಧ್ಯಾಪನ

1881ರಿಂದ ಹತ್ತು ವರ್ಷ ಪ್ಯಾರಿಸ್‌ನಲ್ಲಿ ಬೋಧಿಸಿದರು. ಖ್ಯಾತ ಭಾಷಾವಿಜ್ಞಾನಿ ಆಂಟ್ವಾನ್ ಮೆಯೆ ಅಲ್ಲಿನ ಶಿಷ್ಯರಲ್ಲೊಬ್ಬರು. 1891ರಲ್ಲಿ ಜಿನೀವಾಕ್ಕೆ ಮರಳಿ ಸಂಸ್ಕೃತ ಹಾಗೂ ತೌಲನಿಕ ವ್ಯಾಕರಣವನ್ನು ಬೋಧಿಸಿದರು. ಅನಂತರದ ವರ್ಷಗಳಲ್ಲಿ ಪ್ರಕಟಿಸಿದ ಬರಹಗಳು ಬಹಳ ಕಡಿಮೆ. ಸಾಮಾನ್ಯ ಭಾಷಾವಿಜ್ಞಾನದ ಬೋಧನೆಯ ಹೊಣೆ 1906ರಲ್ಲಿ ಇವರ ಪಾಲಿಗೆ ಬಂದಿತು. 1907ರಿಂದ 1911ರವರೆಗೆ ಈ ವಿಷಯವಾಗಿ ಮೂರು ಉಪನ್ಯಾಸಮಾಲೆಗಳನ್ನು ನೀಡಿದರು. 1912ರಲ್ಲಿ ಅನಾರೋಗ್ಯಕ್ಕೆ ತುತ್ತಾಗಿ ಮರುವರ್ಷ ನಿಧನರಾದರು.

ಪ್ರಮುಖ ವಿಚಾರಗಳು

ಸೊಸ್ಯೂರರ ಪ್ರಕಾರ ಭಾಷೆ ಸಂಕೇತಗಳ ವ್ಯವಸ್ಥೆ. ಪ್ರತಿ ಸಂಕೇತಕ್ಕೂ ಧ್ವನಿರೂಪವಾದ ಸೂಚಕ ಹಾಗೂ ಅರ್ಥರೂಪವಾದ ಸೂಚಿತ ಎಂಬ ಎರಡು ಮುಖಗಳಿವೆ. ಇವುಗಳ ಸಂಬಂಧ ಸಹಜವಾದುದಲ್ಲ, ಯಾದೃಚ್ಛಿಕವಾದುದು. ಕನ್ನಡದ 'ಮರ' ತೆಲುಗಿನಲ್ಲಿ 'ಚೆಟ್ಟು' ಆಗಿರುವುದು ಇದಕ್ಕೆ ಉದಾಹರಣೆ.

ಸಮುದಾಯಕ್ಕೆಲ್ಲ ಸಮಾನವಾದ ವ್ಯವಸ್ಥೆಯನ್ನು 'ಲಾಂಗ್' ಎಂದೂ, ವ್ಯಕ್ತಿಯೊಬ್ಬನ ಮಾತನ್ನು 'ಪರೋಲ್' ಎಂದೂ ಬೇರ್ಪಡಿಸಿದರು. ಮಗು ಸುತ್ತಲಿನವರ ಮಾತು ಕೇಳುತ್ತಲೇ ಆ ವ್ಯವಸ್ಥೆಯನ್ನು ಮೈಗೂಡಿಸಿಕೊಳ್ಳುತ್ತದೆ. ಬದಲಾವಣೆಯೂ ವ್ಯಕ್ತಿಗಳ ಮಾತಿನಲ್ಲೇ ಮೊದಲು ಕಾಣಿಸಿಕೊಂಡು, ಸಮುದಾಯ ಸ್ವೀಕರಿಸಿದಾಗ ಭಾಷೆಯ ಭಾಗವಾಗುತ್ತದೆ.

ಒಂದು ಕಾಲದ ಭಾಷಾಸ್ಥಿತಿಯ ಅಧ್ಯಯನ ಏಕಕಾಲಿಕ. ಕಾಲದಿಂದ ಕಾಲಕ್ಕಾದ ಬದಲಾವಣೆಯ ಅಧ್ಯಯನ ಬಹುಕಾಲಿಕ. ಹಳಗನ್ನಡದ 'ಪಾಲ್' ಇಂದಿನ 'ಹಾಲು' ಆದ ಬಗೆಯನ್ನು ವಿವರಿಸುವುದು ಎರಡನೆಯದು. ಆದರೆ 'ಹಾಲು' ಪದವನ್ನು ಬಳಸುವವರಿಗೆ ಈ ಚರಿತ್ರೆ ತಿಳಿದಿರಬೇಕಿಲ್ಲ. ಇದಕ್ಕೆ ಸೊಸ್ಯೂರ್ ಚದುರಂಗದ ಹೋಲಿಕೆ ನೀಡಿದರು: ಹಿಂದಿನ ನಡೆಗಳನ್ನು ಅರಿಯದವರೂ ಮಣೆಯ ಮೇಲಿನ ಈಗಿನ ಸ್ಥಿತಿಯನ್ನು ಗ್ರಹಿಸಬಲ್ಲರು.

ಮರಣೋತ್ತರ ಪ್ರಕಟಣೆ ಮತ್ತು ಪ್ರಭಾವ

ಸಹೋದ್ಯೋಗಿಗಳಾದ ಶಾರ್ಲ್ ಬಾಯಿ ಮತ್ತು ಆಲ್ಬರ್ಟ್ ಸೆಶೆಯೆ ವಿದ್ಯಾರ್ಥಿಗಳ ಟಿಪ್ಪಣಿಗಳನ್ನು ಒಟ್ಟುಗೂಡಿಸಿ 1916ರಲ್ಲಿ ಫ್ರೆಂಚ್‌ನಲ್ಲಿ 'ಸಾಮಾನ್ಯ ಭಾಷಾವಿಜ್ಞಾನದ ಪಾಠಗಳು' ಎಂಬ ಅರ್ಥದ ಹೆಸರಿನ ಗ್ರಂಥ ಪ್ರಕಟಿಸಿದರು. ಅವರಿಬ್ಬರೂ ಆ ಉಪನ್ಯಾಸಗಳಿಗೆ ಹಾಜರಾದವರಲ್ಲ. ಆದ್ದರಿಂದ ಗ್ರಂಥದಲ್ಲಿ ಸೊಸ್ಯೂರರ ವಿಚಾರವೆಷ್ಟು, ಸಂಪಾದಕರ ಜೋಡಣೆಯೆಷ್ಟು ಎಂಬ ಚರ್ಚೆ ಇಂದಿಗೂ ಇದೆ. 1996ರಲ್ಲಿ ಜಿನೀವಾದ ಕುಟುಂಬದ ಮನೆಯಲ್ಲಿ ದೊರೆತ ಹಸ್ತಪ್ರತಿಗಳು 2002ರಲ್ಲಿ ಪ್ರಕಟವಾದ ಮೇಲೆ ಈ ಚರ್ಚೆಗೆ ಹೊಸ ಆಧಾರ ಒದಗಿತು. ಪ್ರಾಗ್ ಪಂಥದ ಭಾಷಾವಿಜ್ಞಾನಿಗಳು, ಮಾನವಶಾಸ್ತ್ರಜ್ಞ ಕ್ಲಾಡ್ ಲೆವಿ-ಸ್ಟ್ರಾಸ್, ಸಾಹಿತ್ಯ ವಿಮರ್ಶಕ ರೋಲಾಂ ಬಾರ್ತ್ ಮೊದಲಾದವರ ಚಿಂತನೆಯ ಮೇಲೆ ಸೊಸ್ಯೂರರ ಪ್ರಭಾವ ಗಾಢವಾಗಿದೆ.