ಸರಿ, ತಪ್ಪು ಮತ್ತು ಅರ್ಧ

ಮಕ್ಕಳೇ, ನಾಳೆ ನಿಮ್ಮೂರಿನಲ್ಲಿ ಮಳೆ ಬರುತ್ತದೆ. ಈ ಮಾತು ಸರಿಯೋ ತಪ್ಪೋ? ಇಂದೇ ಹೇಳಲು ಆಗುವುದಿಲ್ಲ, ಅಲ್ಲವೇ? ಆದರೆ ಯಾವ ಮಾತಾದರೂ ಸರಿ ಇಲ್ಲವೇ ತಪ್ಪು ಆಗಿರಲೇಬೇಕು ಎಂದು ಯುರೋಪಿನ ಬಹುಪಾಲು ತರ್ಕಶಾಸ್ತ್ರಜ್ಞರು ನಂಬಿದ್ದರು. ಅದನ್ನು ಒಪ್ಪದೆ ಮೂರನೆಯ ಉತ್ತರ ಕೊಟ್ಟವರು ಯಾನ್ ವುಕಾಷೆವಿಚ್.

ಅವರು ಹುಟ್ಟಿದ್ದು 1878ರ ಡಿಸೆಂಬರ್ 21ರಂದು, ಈಗ ಉಕ್ರೇನಿನಲ್ಲಿರುವ ಲ್ವಿವ್ ನಗರದಲ್ಲಿ. ಅಲ್ಲಿಯೇ ಗಣಿತ, ತತ್ತ್ವಶಾಸ್ತ್ರ ಓದಿದರು. 1915ರಲ್ಲಿ ವಾರ್ಸಾ ವಿಶ್ವವಿದ್ಯಾಲಯದ ಅಧ್ಯಾಪಕರಾದರು. 1919ರಲ್ಲಿ ಪೋಲೆಂಡಿನ ಶಿಕ್ಷಣ ಮಂತ್ರಿಯೂ ಆಗಿದ್ದರು.

ಅವರನ್ನು ಕಾಡಿದ ಪ್ರಶ್ನೆ ಇದು. ನಾಳಿನ ಮಾತು ಇಂದೇ ಸರಿ ಎಂದಾದರೆ, ನಾಳೆ ಆಗುವುದೆಲ್ಲ ಇಂದೇ ನಿಶ್ಚಯವಾದಂತೆ. ಹಾಗಾದರೆ ನಾವು ಯೋಚಿಸಿ ಆರಿಸಿಕೊಳ್ಳಲು ಏನು ಉಳಿಯಿತು? ಆದ್ದರಿಂದ ಅವರು ಸರಿಗೆ 1, ತಪ್ಪಿಗೆ 0, ಇನ್ನೂ ನಿಶ್ಚಯವಾಗದ ಮಾತಿಗೆ ½ ಎಂದು ಬೆಲೆ ಕೊಟ್ಟರು. 1920ರಲ್ಲಿ ಇದನ್ನು ಪ್ರಕಟಿಸಿದರು. ಮುಂದೆ 0 ಮತ್ತು 1ರ ನಡುವಿನ ಬೇರೆ ಸಂಖ್ಯೆಗಳನ್ನೂ ಸೇರಿಸಿಕೊಂಡರು.

ಅವರು ಕೊಟ್ಟ ಉದಾಹರಣೆ ಸ್ವಾರಸ್ಯವಾಗಿದೆ. ಮುಂದಿನ ವರ್ಷ ಡಿಸೆಂಬರ್ 21ರ ಮಧ್ಯಾಹ್ನ ತಾನು ವಾರ್ಸಾದಲ್ಲಿ ಇರುವೆನೇ? (ಅದು ಅವರ ಹುಟ್ಟುಹಬ್ಬ, ಗಮನಿಸಿದಿರಾ?) ಉತ್ತರ ½. 1939ರಲ್ಲಿ ಯುದ್ಧ ಬಂತು. ಬಾಂಬು ಬಿದ್ದು ಅವರ ಮನೆ, ಪುಸ್ತಕಗಳು, ಬರೆದಿಟ್ಟ ಹಾಳೆಗಳು ಸುಟ್ಟುಹೋದವು. 1944ರಲ್ಲಿ ಪತ್ನಿಯೊಡನೆ ವಾರ್ಸಾ ಬಿಟ್ಟರು. 1946ರಲ್ಲಿ ಐರ್ಲೆಂಡಿನ ಡಬ್ಲಿನ್ ಸೇರಿ, ಅಲ್ಲಿಯೇ 1956ರ ಫೆಬ್ರವರಿ 13ರಂದು ತೀರಿಕೊಂಡರು. 1944ರಿಂದ ಮುಂದೆ ಯಾವ ಡಿಸೆಂಬರ್ 21ರಂದೂ ಅವರು ವಾರ್ಸಾದಲ್ಲಿ ಇರಲಿಲ್ಲ.

1965ರಲ್ಲಿ ಅಮೆರಿಕದಲ್ಲಿದ್ದ ಲೋತ್ಫಿ ಝಾದೇ ಎಂಬ ವಿಜ್ಞಾನಿ 0ಯಿಂದ 1ರವರೆಗಿನ ಸಂಖ್ಯೆಗಳನ್ನು ಇನ್ನೊಂದು ಕೆಲಸಕ್ಕೆ ಬಳಸಿದರು. ಅಂಚು ಸ್ಪಷ್ಟವಿಲ್ಲದ ಪದಗಳನ್ನು ಅಳೆಯುವ ಕೆಲಸ ಅದು. ಇದರಿಂದ ಬೆಳೆದದ್ದೇ ಫಜ್ಜಿ ಲಾಜಿಕ್. ಸಂಜೆ ಎಂಬ ಪದವನ್ನೇ ನೋಡಿ. ಮಧ್ಯಾಹ್ನ 3 ಗಂಟೆ ಸಂಜೆಯಲ್ಲ, ಅದಕ್ಕೆ 0. 6 ಗಂಟೆ ಖಂಡಿತ ಸಂಜೆ, ಅದಕ್ಕೆ 1. ನಾಲ್ಕೂವರೆಗೆ? ಅರ್ಧ ಸಂಜೆ ಎನ್ನೋಣ!

ಎಲ್ಲ ಪದಗಳಿಗೂ ಒಂದೇ ಅಳತೆಪಟ್ಟಿ ಸಾಲದು. ಸುಮಾರು 4 ಗಂಟೆಗೆ ಎಂದರೆ ನಿಮಿಷಗಳ ವ್ಯತ್ಯಾಸ. ದಸರಾ ಹೊತ್ತಿಗೆ ಎಂದರೆ ದಿನಗಳದ್ದು. ಅಜ್ಜಿ ಚಿಕ್ಕವರಿದ್ದಾಗ ಎಂದರೆ ವರ್ಷಗಳದ್ದೇ.

ನೀವೂ ಮಾಡಿ ನೋಡಿ. ಮಧ್ಯಾಹ್ನ 3ರಿಂದ ರಾತ್ರಿ 8ರವರೆಗೆ ಪ್ರತಿ ಅರ್ಧ ಗಂಟೆಗೂ ಅದು ಎಷ್ಟು ಸಂಜೆ ಎಂದು 0ಯಿಂದ 1ರೊಳಗೆ ಅಂಕ ಕೊಡಿ. ಗೆರೆ ಎಳೆದು ಜೋಡಿಸಿ. ಪಕ್ಕದವರ ಗೆರೆ ನಿಮ್ಮದರಂತೆಯೇ ಇದೆಯೇ?